ಕಾಲೇಜಿನಲ್ಲಿ ಗೆಲ್ಲುವ ಓಟಗಾರ್ತಿ ಅಂತರರಾಷ್ಟ್ರೀಯ ಟ್ರ್ಯಾಕ್‌ಗೆ ಹೋಗುವುದು ಹೇಗೆ?

ಪ್ರಶ್ನೆ: ನನ್ನ ತಂಗಿಗೆ 20 ವರ್ಷ, ಪದವಿಯ ಎರಡನೇ ವರ್ಷದಲ್ಲಿದ್ದಾಳೆ. ಈ ಸಲದ ಕಾಲೇಜು ಕೂಟದಲ್ಲಿ 100 ಮೀಟರ್ 11.6 ಸೆಕೆಂಡು, 200 ಮೀಟರ್ 24.5 ಸೆಕೆಂಡು ಓಡಿದಳು. ಎರಡು ವರ್ಷದ ಹಿಂದೆ 100 ಮೀಟರ್‌ಗೆ 12.3 ತೆಗೆದುಕೊಳ್ಳುತ್ತಿದ್ದಳು. ಅಂತರರಾಷ್ಟ್ರೀಯ ಮಟ್ಟಕ್ಕೆ ಹೋಗುವ ಹುಡುಗಿ ಎಂದು ಕೋಚ್ ಹೇಳುತ್ತಾರೆ. ಮನೆಯವರು ಓಟ ಸಾಕು, ಓದು ನೋಡು ಎನ್ನುತ್ತಾರೆ. ಇದು ನಿಜಕ್ಕೂ ಆಗುವ ಮಾತೇ? ವಯಸ್ಸು ಮೀರಿತೇ? ಕಾಲೇಜು ಮುಗಿದ ಮೇಲೆ ಅವಳು ಏನು ಮಾಡಬೇಕು?

ಉತ್ತರ: ಆ 11.6 ಯಾವ ಗಡಿಯಾರದ್ದು ಎಂಬುದರಿಂದಲೇ ಶುರು ಮಾಡುತ್ತೇನೆ. ಚುಕ್ಕಿಯ ಮುಂದೆ ಒಂದೇ ಅಂಕಿ ಇದೆ ಅಂದರೆ ಅದು ಸ್ಟಾಪ್‌ವಾಚ್ ಹಿಡಿದು ತೆಗೆದ ಹ್ಯಾಂಡ್ ಟೈಮಿಂಗ್. ಪಿಸ್ತೂಲಿನ ಹೊಗೆ ಕಂಡು ಬೆರಳು ಒತ್ತುವಷ್ಟರಲ್ಲಿ ಓಟಗಾರ್ತಿ ಆಗಲೇ ಹೊರಟಿರುತ್ತಾಳೆ. ಮುಗಿಯುವ ಗೆರೆಯ ಬಳಿ ಮಾತ್ರ ಅವಳು ಬರುವುದನ್ನು ಮೊದಲೇ ನೋಡಿ ಕೈ ಸಿದ್ಧವಾಗಿರುತ್ತದೆ. ಹಾಗಾಗಿ ಸ್ಟಾಪ್‌ವಾಚ್ ಯಾವಾಗಲೂ ಓಟಗಾರ್ತಿಯ ಪರವಾಗಿ ಸುಳ್ಳು ಹೇಳುತ್ತದೆ. 100 ಮತ್ತು 200 ಮೀಟರ್‌ಗೆ ಅದನ್ನು ಸರಿಪಡಿಸಲು 0.24 ಸೆಕೆಂಡು ಸೇರಿಸುವುದು ವಾಡಿಕೆ. ನಿಮ್ಮ ತಂಗಿಯ ಲೆಕ್ಕ 11.84 ಮತ್ತು 24.74 ಆಗುತ್ತದೆ. ಮನೆಯಲ್ಲಿ ಇದನ್ನು ಹೇಳಿ ಅವಳನ್ನು ಕುಗ್ಗಿಸಬೇಡಿ. 20ನೇ ವಯಸ್ಸಿಗೆ 11.84 ಒಳ್ಳೆಯ ಓಟ. ಆದರೆ ಇನ್ನು ಮುಂದೆ ಎಲೆಕ್ಟ್ರಾನಿಕ್ ಟೈಮಿಂಗ್ ಮತ್ತು ಗಾಳಿ ಮಾಪಕ ಇಲ್ಲದ ಕೂಟದ ಅಂಕಿಯನ್ನು ಡೈರಿಯಲ್ಲಿ ಬೇರೆ ಪುಟದಲ್ಲಿ ಬರೆಯಲಿ. ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2 ಮೀಟರ್ ದಾಟಿದರೆ ಆ ಟೈಮಿಂಗ್ ದಾಖಲೆಗೂ ಇಲ್ಲ, ಅರ್ಹತೆಗೂ ಇಲ್ಲ.

ಈಗ ಎಷ್ಟು ದೂರ ಇದೆ ನೋಡೋಣ. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೂ 2025ರ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್‌ಗೂ ಮಹಿಳೆಯರ 100 ಮೀಟರ್‌ನ ನೇರ ಅರ್ಹತಾ ಸಮಯ 11.07, 200 ಮೀಟರ್‌ನದು 22.57. ನಿಮ್ಮ ತಂಗಿಗೂ ಆ 11.07ಕ್ಕೂ ಮಧ್ಯೆ 0.77 ಸೆಕೆಂಡು ಇದೆ. ಟ್ರ್ಯಾಕಿನ ಮೇಲೆ ನಿಂತು ನೋಡಿದರೆ ಅದು ಆರೇಳು ಮೀಟರ್. ಸ್ಪ್ರಿಂಟ್‌ನಲ್ಲಿ ಆರೇಳು ಮೀಟರ್ ಎಂದರೆ ದೊಡ್ಡ ಹೊಲ. ಇಲ್ಲಿ ನೂರನೇ ಒಂದು ಸೆಕೆಂಡಿಗೂ ಬೆಲೆ ಇದೆ. 1984ರ ಲಾಸ್ ಏಂಜಲೀಸ್‌ನಲ್ಲಿ 400 ಮೀಟರ್ ಹರ್ಡಲ್ಸ್‌ನ ಕಂಚು ಪಿ.ಟಿ. ಉಷಾ ಅವರ ಕೈ ತಪ್ಪಿದ್ದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ. 1993ರ ಸ್ಟುಟ್‌ಗಾರ್ಟ್ ವಿಶ್ವ ಚಾಂಪಿಯನ್‌ಷಿಪ್‌ನ 100 ಮೀಟರ್ ಫೈನಲ್‌ನಲ್ಲಿ ಗೇಲ್ ಡೆವರ್ಸ್ ಮತ್ತು ಮರ್ಲಿನ್ ಓಟಿ ಇಬ್ಬರ ಹೆಸರಿನ ಮುಂದೆಯೂ 10.82 ಎಂದೇ ಬಂತು, ಚಿನ್ನ ಡೆವರ್ಸ್‌ಗೆ. ಮೂರು ವರ್ಷದ ನಂತರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಅದೇ ಇಬ್ಬರಿಗೆ ಮತ್ತೆ ಒಂದೇ ಸಮಯ, 10.94. ಆಗಲೂ ಚಿನ್ನ ಡೆವರ್ಸ್‌ಗೇ. ಓಟಿಯ ಹೊಟ್ಟೆಯುರಿಯನ್ನು ನಾನು ಇಂದಿಗೂ ಊಹಿಸಿಕೊಳ್ಳುತ್ತೇನೆ.

ವಯಸ್ಸಿನ ವಿಚಾರ ಬಿಟ್ಟುಬಿಡಿ. ಜಮೈಕಾದ ಶೆಲ್ಲಿ-ಆ್ಯನ್ ಫ್ರೇಸರ್-ಪ್ರೈಸ್ ತಮ್ಮ ಜೀವನದ ಅತಿ ವೇಗದ 100 ಮೀಟರ್, 10.60, ಓಡಿದ್ದು 2021ರಲ್ಲಿ, 34ನೇ ವಯಸ್ಸಿನಲ್ಲಿ, ಮಗ ಹುಟ್ಟಿ ನಾಲ್ಕು ವರ್ಷವಾದ ಮೇಲೆ. ಹುಡುಗಿಯರ ಓಟ ಇಪ್ಪತ್ತಕ್ಕೆ ಮುಗಿಯಿತು ಎನ್ನುವುದು ಟ್ರ್ಯಾಕ್ ನೋಡದವರ ಮಾತು.

ನನ್ನ ಮುಖ್ಯ ಮಾತು ಬೇರೆ. ಕಾಲೇಜಿನಲ್ಲಿ ಗೆಲ್ಲುವುದು ಒಂದು ಕೆಲಸ, ಅಂತರರಾಷ್ಟ್ರೀಯ ಮಟ್ಟದಲ್ಲಿ ಓಡುವುದು ಇನ್ನೊಂದು ಕೆಲಸ. ಮೊದಲನೆಯದರಲ್ಲಿ ಚೆನ್ನಾಗಿ ಪಳಗಿದವರು ಎರಡನೆಯದರಲ್ಲಿ ಎಡವುವುದನ್ನು ನಾನು ವರ್ಷಕ್ಕೆ ಒಂದಾದರೂ ಸಲ ನೋಡುತ್ತೇನೆ. ಕಾಲೇಜಿಗೆ ಬೇಕಾಗಿರುವುದು ಪಾಯಿಂಟ್. ಹುಡುಗಿ ವೇಗವಾಗಿದ್ದಾಳೆ ಎಂದು ಗೊತ್ತಾದ ಕೂಡಲೇ 100, 200, 4x100, 4x400 ಎಲ್ಲಕ್ಕೂ ಹೆಸರು ಹೋಗುತ್ತದೆ, ಒಮ್ಮೊಮ್ಮೆ ಲಾಂಗ್ ಜಂಪ್‌ಗೂ. ಹೀಟ್ಸ್, ಸೆಮಿಫೈನಲ್, ಫೈನಲ್ ಸೇರಿಸಿದರೆ ಮೂರು ದಿನದಲ್ಲಿ ಹತ್ತು ಓಟ. ಮುಂದಿನ ತಿಂಗಳು ಇನ್ನೊಂದು ಕೂಟ. ಎಲ್ಲದರಲ್ಲೂ ಗೆಲ್ಲುತ್ತಾಳೆ, ಏಕೆಂದರೆ ಪಕ್ಕದ ಲೇನಿನವಳಿಗಿಂತ ಅರ್ಧ ಸೆಕೆಂಡು ಮುಂದಿದ್ದಾಳೆ. ಹೀಗೆ ವರ್ಷವಿಡೀ ತೊಂಬತ್ತೈದು ಪಾಲು ಓಡುವುದು ಅಭ್ಯಾಸವಾಗುತ್ತದೆ, ನೂರಕ್ಕೆ ನೂರು ಓಡುವುದು ಹೇಗೆಂದು ದೇಹ ಕಲಿಯುವುದೇ ಇಲ್ಲ. ಅಂತರರಾಷ್ಟ್ರೀಯ ಸ್ಪ್ರಿಂಟರ್‌ನ ಇಡೀ ವರ್ಷ ನಿಂತಿರುವುದು ಒಂದು ವಾರದ ಮೇಲೆ. ಆ ವಾರಕ್ಕೆ ಗಾಯವಿಲ್ಲದೆ, ದಣಿವಿಲ್ಲದೆ, ಗೆಲ್ಲುವ ಹಸಿವಿನಿಂದ ಹೋಗಬೇಕು. ಅದಕ್ಕಾಗಿ ಹತ್ತಾರು ಓಟಗಳನ್ನು ಬೇಡ ಎನ್ನಬೇಕಾಗುತ್ತದೆ.

ಶಕ್ಯಾರಿ ರಿಚರ್ಡ್‌ಸನ್ 2019ರ ಜೂನ್‌ನಲ್ಲಿ ಅಮೆರಿಕದ ಕಾಲೇಜು ಚಾಂಪಿಯನ್‌ಷಿಪ್‌ನಲ್ಲಿ 100 ಮೀಟರ್ ಅನ್ನು 10.75ರಲ್ಲಿ ಗೆದ್ದರು. ಕಾಲೇಜು ದಾಖಲೆ, 20 ವರ್ಷದೊಳಗಿನವರ ವಿಶ್ವದಾಖಲೆ ಎರಡೂ ಅದೇ. ಅದೇ ದಿನ, ಒಂದು ಗಂಟೆಯೂ ಆಗುವ ಮುನ್ನ, 200 ಮೀಟರ್‌ನಲ್ಲಿ 22.17 ಓಡಿದರು. ಮರು ತಿಂಗಳು ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಫೈನಲ್‌ನಲ್ಲಿ ಬಂದದ್ದು ಎಂಟನೇ ಸ್ಥಾನ. ಜನವರಿಯ ಒಳಾಂಗಣ ಕೂಟಗಳಿಂದ ಹಿಡಿದು ಜೂನ್‌ವರೆಗೆ ಕಾಲೇಜಿಗಾಗಿ ಓಡಿದ ಕಾಲಿಗೆ ಜುಲೈಯಲ್ಲಿ ಇನ್ನೊಂದು ಶಿಖರ ಹತ್ತು ಎಂದರೆ ಎಲ್ಲಿಂದ ಹತ್ತೀತು? ಅವರು ವಿಶ್ವ ಚಾಂಪಿಯನ್ ಆದದ್ದು 2023ರ ಬುಡಾಪೆಸ್ಟ್‌ನಲ್ಲಿ, ಅದೂ ಸೆಮಿಫೈನಲ್‌ನಿಂದ ನೇರ ಅರ್ಹತೆ ಸಿಗದೆ, ಸಮಯದ ಆಧಾರದಲ್ಲಿ ಫೈನಲ್‌ಗೆ ಬಂದು, ಅಂಚಿನ 9ನೇ ಲೇನ್‌ನಿಂದ, 10.65ರಲ್ಲಿ. ಕಾಲೇಜಿನ ದಾಖಲೆಯಿಂದ ಅಲ್ಲಿಗೆ ನಾಲ್ಕು ವರ್ಷ ಹಿಡಿಯಿತು. ನಡುವೆ ನಿಷೇಧ, ಹೀಟ್ಸ್‌ನಲ್ಲೇ ಹೊರಬೀಳುವುದು ಎಲ್ಲವೂ ಆಯಿತು.

ಜೂಲಿಯನ್ ಆಲ್ಫ್ರೆಡ್ ಅವರ ದಾರಿಯನ್ನು ನಿಮ್ಮ ತಂಗಿಗೆ ವಿವರವಾಗಿ ಹೇಳಿ. ಸೇಂಟ್ ಲೂಸಿಯಾ ಎಂಬ ಪುಟ್ಟ ದ್ವೀಪದ ಹುಡುಗಿ. 12ನೇ ವಯಸ್ಸಿಗೆ ತಂದೆಯನ್ನು ಕಳೆದುಕೊಂಡು, 14ಕ್ಕೆ ಮನೆ ಬಿಟ್ಟು ಓಟಕ್ಕಾಗಿ ಜಮೈಕಾಗೆ ಹೋದರು. ಅಲ್ಲಿಂದ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯ, ಕೋಚ್ ಎಡ್ರಿಕ್ ಫ್ಲೋರಿಯಲ್. 2022ರಲ್ಲಿ, ಇನ್ನೂ ವಿದ್ಯಾರ್ಥಿನಿಯಾಗಿದ್ದಾಗ, ಯೂಜೀನ್ ವಿಶ್ವ ಚಾಂಪಿಯನ್‌ಷಿಪ್‌ನ ಸೆಮಿಫೈನಲ್‌ನಲ್ಲಿ ಫಾಲ್ಸ್ ಸ್ಟಾರ್ಟ್ ಮಾಡಿ, ಅಂದರೆ ಗುಂಡಿನ ಸದ್ದಿಗೂ ಮೊದಲೇ ಹೊರಟು, ಓಡದೇ ಹೊರನಡೆದರು. ಕೆಲವೇ ವಾರಗಳಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಬೆಳ್ಳಿ ಬಂತು. 2023ರಲ್ಲಿ ಕಾಲೇಜು ಒಳಾಂಗಣ 60 ಮೀಟರ್‌ನಲ್ಲಿ 6.94. ಹೊರಾಂಗಣದಲ್ಲೂ 100, 200 ಎರಡನ್ನೂ ಗೆದ್ದರು. ಅದೇ ಬೇಸಿಗೆಯ ಬುಡಾಪೆಸ್ಟ್‌ನಲ್ಲಿ 100ರಲ್ಲಿ ಐದನೇ ಸ್ಥಾನ, 200ರಲ್ಲಿ ನಾಲ್ಕನೇ ಸ್ಥಾನ. ಪದಕವಿಲ್ಲ. ಕಾಲೇಜು ಮುಗಿಯಿತು, ಆದರೆ ಅವರು ಕೋಚನ್ನು ಬದಲಿಸಲಿಲ್ಲ, ಊರನ್ನೂ ಬದಲಿಸಲಿಲ್ಲ. ಬದಲಾದದ್ದು ಓಟಗಳ ಲೆಕ್ಕ. ಕಾಲೇಜಿನ ಕ್ಯಾಲೆಂಡರ್ ಹೋಗಿ ತಮ್ಮದೇ ಕ್ಯಾಲೆಂಡರ್ ಬಂತು. 2024ರ ಮಾರ್ಚ್‌ನಲ್ಲಿ ಗ್ಲಾಸ್ಗೊದಲ್ಲಿ ವಿಶ್ವ ಒಳಾಂಗಣ 60 ಮೀಟರ್ ಚಿನ್ನ. ಆಗಸ್ಟ್ 3ರಂದು ಪ್ಯಾರಿಸ್‌ನ ಒದ್ದೆ ಟ್ರ್ಯಾಕ್ ಮೇಲೆ 10.72, ಅವರ ದೇಶದ ಮೊಟ್ಟಮೊದಲ ಒಲಿಂಪಿಕ್ ಪದಕ, ಅದೂ ಚಿನ್ನ. ಆ ಓಟದ ಮೊದಲ ಹತ್ತು ಮೀಟರ್ ನೋಡಿ. ಎರಡು ವರ್ಷದ ಹಿಂದೆ ಬ್ಲಾಕ್‌ನಿಂದ (ಹೊರಡುವಾಗ ಪಾದ ಒತ್ತಿ ತಳ್ಳುವ ಹಲಗೆ) ಆತುರಪಟ್ಟು ಹೊರಬಿದ್ದವರು ಅಲ್ಲಿ ಎಷ್ಟು ಸಮಾಧಾನವಾಗಿ ತಲೆ ತಗ್ಗಿಸಿಕೊಂಡು ತಳ್ಳುತ್ತಾರೆ!

ಅಮೆರಿಕದ ಮೆಲಿಸ್ಸಾ ಜೆಫರ್ಸನ್-ವುಡನ್ ಅವರದೂ ಹೀಗೆಯೇ. ಕೋಸ್ಟಲ್ ಕ್ಯಾರೊಲಿನಾ ಎಂಬ, ಸ್ಪ್ರಿಂಟ್‌ಗೆ ಅಂಥ ಹೆಸರಿಲ್ಲದ ವಿಶ್ವವಿದ್ಯಾಲಯ. 2022ರಲ್ಲಿ ವಿಶ್ವ ಫೈನಲ್‌ಗೆ ಹೋಗಿ ಎಂಟನೆಯವರಾದರು, ಮರುವರ್ಷ ವೈಯಕ್ತಿಕ 100 ಮೀಟರ್‌ಗೆ ದೇಶದ ತಂಡದಲ್ಲೇ ಜಾಗ ಸಿಗಲಿಲ್ಲ. ಪ್ಯಾರಿಸ್‌ನಲ್ಲಿ ಕಂಚು. 2025ರ ಟೋಕಿಯೊದಲ್ಲಿ 100ರಲ್ಲಿ 10.61, 200ರಲ್ಲಿ 21.68, ರಿಲೇ ಸೇರಿ ಮೂರು ಚಿನ್ನ. ತಂಡದಲ್ಲಿ ಜಾಗ ಸಿಗದ ಆ 2023ರಲ್ಲಿ ಯಾರೋ ‘ಸಾಕು ಬಿಡು’ ಎಂದಿದ್ದರೆ?

ನಿಮ್ಮ ಮನೆಯವರು ಕೇಳಿಸಿಕೊಳ್ಳಬೇಕಾದ ಭಾಗ ಇದು. ಕಾಲೇಜು ಮುಗಿದ ಮೇಲಿನ ಎರಡು ವರ್ಷವೇ ಗಂಡಾಂತರದ ಕಾಲ. ಪ್ರತಿಭೆ ಕಡಿಮೆಯಾಗಿ ಹೋಗುವವರಿಗಿಂತ ಈ ಎರಡು ವರ್ಷದಲ್ಲಿ ಸದ್ದಿಲ್ಲದೆ ಕಾಣೆಯಾಗುವವರೇ ಹೆಚ್ಚು. ಕಾಲೇಜಿನ ಗುರುತಿನ ಚೀಟಿ ಹೋದ ದಿನವೇ ಹಾಸ್ಟೆಲ್, ಜಿಮ್, ಫಿಸಿಯೊ, ಸಂಜೆ ಜೊತೆಗೆ ಓಡುವ ನಾಲ್ಕು ಜನ, ಎಲ್ಲ ಒಟ್ಟಿಗೆ ಹೋಗುತ್ತವೆ. ನನ್ನ ಹತ್ತಿರ ತರಬೇತಿಗೆ ಬಂದ ಒಬ್ಬ ಹುಡುಗಿ ಪದವಿ ಮುಗಿಸಿ ಎಂಟು ತಿಂಗಳು ಒಂಟಿಯಾಗಿ ಅಭ್ಯಾಸ ಮಾಡಿದ್ದಳು. ಸ್ಟಾರ್ಟ್ ಹೇಳಲು ಯಾರೂ ಇಲ್ಲ. ಅದಕ್ಕೆ ‘ಆನ್ ಯುವರ್ ಮಾರ್ಕ್ಸ್, ಸೆಟ್’, ಆಮೇಲೆ ಚಪ್ಪಾಳೆ, ಇಷ್ಟನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡು ಬ್ಲಾಕ್‌ನ ಪಕ್ಕದಲ್ಲಿಟ್ಟು ಓಡುತ್ತಿದ್ದಳು. ದಿನಕ್ಕೆ ಹತ್ತು ಸಲ, ಎಂಟು ತಿಂಗಳು. ಸೆಟ್‌ಗೂ ಚಪ್ಪಾಳೆಗೂ ನಡುವಿನ ಅಂತರ ಅವಳ ಮೈಗೆ ಹಾಡಿನ ತಾಳದಂತೆ ಬಂದುಬಿಟ್ಟಿತು. ನಂತರದ ಕೂಟದಲ್ಲಿ ಸ್ಟಾರ್ಟರ್ ಸ್ವಲ್ಪ ಹೆಚ್ಚು ಹೊತ್ತು ಹಿಡಿದರು, ಇವಳು ತನ್ನ ತಾಳಕ್ಕೆ ಹೊರಟೇಬಿಟ್ಟಳು. ಒಂದೇ ಫಾಲ್ಸ್ ಸ್ಟಾರ್ಟ್, ಹೊರಗೆ. 2010ರಿಂದ ಎರಡನೇ ಅವಕಾಶ ಇಲ್ಲ. ಮುಂದಿನ ಕೂಟದಲ್ಲೂ ಅದೇ ಆಯಿತು. ಧೈರ್ಯಗೆಟ್ಟು ಬಂದಿದ್ದಳು. ನಾವು ಮಾಡಿದ್ದು ಇಷ್ಟೇ: ಮೂರು ತಿಂಗಳು, ಪ್ರತಿ ಅಭ್ಯಾಸದಲ್ಲಿ ಬೇರೆ ಬೇರೆಯವರು ಸ್ಟಾರ್ಟ್ ಹೇಳಿದರು. ಒಬ್ಬರು ಬೇಗ, ಒಬ್ಬರು ತಡ, ಕೆಲವೊಮ್ಮೆ ಹೇಳದೇ ನಿಲ್ಲಿಸಿ ಎಬ್ಬಿಸಿದರು. ಶಬ್ದಕ್ಕೆ ಕಾಯುವುದನ್ನು ಮತ್ತೆ ಕಲಿತಳು. ಬ್ಲಾಕ್‌ನಲ್ಲಿರುವ ಸೆನ್ಸರ್ 0.100 ಸೆಕೆಂಡಿಗಿಂತ ಬೇಗ ಬಂದ ಒತ್ತಡವನ್ನು ಫಾಲ್ಸ್ ಸ್ಟಾರ್ಟ್ ಎಂದೇ ಲೆಕ್ಕ ಹಾಕುತ್ತದೆ. ಊಹಿಸಿ ಹೊರಡುವುದರಲ್ಲಿ ಲಾಭ ಏನೂ ಇಲ್ಲ.

ಆದ್ದರಿಂದ ನನ್ನ ಮೊದಲ ಸಲಹೆ: ಕಾಲೇಜು ಮುಗಿಯುವ ಒಂದು ವರ್ಷ ಮೊದಲೇ ಮುಂದಿನ ತರಬೇತಿ ಗುಂಪು ಯಾವುದು ಎಂದು ತೀರ್ಮಾನವಾಗಿರಲಿ. ಹೆಸರುವಾಸಿ ಕೋಚ್ ಬೇಕಿಲ್ಲ. ಅವಳಿಗಿಂತ ವೇಗದ ಇಬ್ಬರು ಹುಡುಗಿಯರು ದಿನವೂ ಓಡುವ ಜಾಗ ಬೇಕು. ವಿಲ್ಮಾ ರುಡಾಲ್ಫ್ ಎಂಬ ಹೆಸರು ಕೇಳಿರುತ್ತೀರಿ. ಪೋಲಿಯೊದಿಂದ ಕಾಲಿಗೆ ಕಬ್ಬಿಣದ ಕಟ್ಟು ಹಾಕಿಕೊಂಡು ಬೆಳೆದವರು, 1960ರ ರೋಮ್‌ನಲ್ಲಿ ಮೂರು ಚಿನ್ನ ಗೆದ್ದರು. ಅವರನ್ನು ರೂಪಿಸಿದ್ದು ಟೆನೆಸ್ಸೀ ಸ್ಟೇಟ್ ಎಂಬ ಕಾಲೇಜಿನ ಗುಂಪು. 1964, 1968ರಲ್ಲಿ ಒಲಿಂಪಿಕ್ 100 ಮೀಟರ್ ಚಿನ್ನವನ್ನು ಸತತ ಎರಡು ಸಲ ಗೆದ್ದ ಮೊದಲಿಗರಾದ ವಯೋಮಿಯಾ ಟೈಯಸ್ ಕೂಡ ಅದೇ ಗುಂಪಿನವರು, ಇಬ್ಬರಿಗೂ ಕೋಚ್ ಎಡ್ ಟೆಂಪಲ್. ಒಂದೇ ಟ್ರ್ಯಾಕ್‌ನಿಂದ ಇಬ್ಬರು ಒಲಿಂಪಿಕ್ ಚಾಂಪಿಯನ್‌ಗಳು ಹೊರಬಂದದ್ದು ಆಕಸ್ಮಿಕ ಅಲ್ಲ. ಪಕ್ಕದ ಲೇನಿನಲ್ಲಿ ದಿನವೂ ಯಾರಿದ್ದಾರೆ ಎಂಬುದು ಅಷ್ಟು ಮುಖ್ಯ.

ತರಬೇತಿಯಲ್ಲಿ ಬದಲಾಗಬೇಕಾದದ್ದು ವಿಶ್ರಾಂತಿ. ಕಾಲೇಜಿನ ಮೈದಾನಗಳಲ್ಲಿ ನಾನು ನೋಡುವ ದೊಡ್ಡ ತಪ್ಪು ಸ್ಪ್ರಿಂಟರ್‌ಗಳನ್ನು ಏದುಸಿರು ಬರುವವರೆಗೆ ಓಡಿಸುವುದು. ಬೆವರು ಸುರಿದರೆ ಅಭ್ಯಾಸ ಆಯಿತು ಎಂದು ಎಲ್ಲರಿಗೂ ಸಮಾಧಾನ. ವೇಗ ಕಲಿಯುವುದು ನರಮಂಡಲ, ಅದು ದಣಿದಾಗ ಕಲಿಯುವುದಿಲ್ಲ. ಪೂರ್ಣ ವೇಗದಲ್ಲಿ ಓಡಿದ ಪ್ರತಿ 10 ಮೀಟರ್‌ಗೆ ಸುಮಾರು ಒಂದು ನಿಮಿಷ ವಿಶ್ರಾಂತಿ ಎಂಬುದು ಸ್ಪ್ರಿಂಟ್ ಕೋಚ್‌ಗಳ ಸರಳ ಲೆಕ್ಕ. 60 ಮೀಟರ್ ಓಡಿದರೆ ಆರು ನಿಮಿಷ ನಡೆದಾಡಬೇಕು. ನೋಡುವವರಿಗೆ ಸೋಮಾರಿತನ ಅನ್ನಿಸುತ್ತದೆ, ಅನ್ನಿಸಲಿ. ಅತಿ ವೇಗದಲ್ಲಿ ಓಡುವಾಗ ಪಾದ ನೆಲದ ಮೇಲೆ ಇರುವುದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು. ಅಷ್ಟರಲ್ಲಿ ದೇಹದ ತೂಕದ ಹಲವು ಪಟ್ಟು ಬಲವನ್ನು ನೆಲಕ್ಕೆ ಕೊಟ್ಟು ಮೇಲೇಳಬೇಕು. ಇದಕ್ಕೆ ಬೇಕಾದ ಶಕ್ತಿ ಬರುವುದು ಭಾರ ಎತ್ತುವುದರಿಂದ. ‘ಮೈ ಗಂಡಸರಂತಾಗುತ್ತದೆ’ ಎಂದು ಹೆದರಿಸುವವರ ಮಾತು ಕೇಳಬೇಡಿ. ವಾರಕ್ಕೆ ಎರಡು ದಿನ ಸ್ಕ್ವಾಟ್, ಡೆಡ್‌ಲಿಫ್ಟ್ ಮಾಡಿದ ಹುಡುಗಿಯ ಮೊದಲ 30 ಮೀಟರ್ ಹೇಗೆ ಬದಲಾಗುತ್ತದೆ ಎಂದು ಆರು ತಿಂಗಳಲ್ಲಿ ನೀವೇ ಕಾಣುತ್ತೀರಿ.

ಹ್ಯಾಮ್‌ಸ್ಟ್ರಿಂಗ್ ಬಗ್ಗೆ ಒಂದು ಮಾತು. ತೊಡೆಯ ಹಿಂದಿನ ಈ ಸ್ನಾಯು ಹರಿಯುವುದು ಹೆಚ್ಚಾಗಿ ಪಾದ ನೆಲ ಮುಟ್ಟುವ ಸ್ವಲ್ಪ ಮುಂಚೆ, ಮುಂದೆ ಬೀಸಿದ ಕಾಲನ್ನು ತಡೆದು ಹಿಂದಕ್ಕೆಳೆಯುವ ಕ್ಷಣದಲ್ಲಿ. ಬರೀ ಸ್ಟ್ರೆಚ್ ಮಾಡಿ ಅದನ್ನು ಕಾಪಾಡಲಾಗದು. ನಾರ್ಡಿಕ್ ಕರ್ಲ್‌ನಂಥ, ಉದ್ದವಾಗುತ್ತಲೇ ಭಾರ ತಾಳುವ ವ್ಯಾಯಾಮ ಬೇಕು, ಜೊತೆಗೆ ವಾರಕ್ಕೊಮ್ಮೆಯಾದರೂ ನಿಜವಾದ ಪೂರ್ಣ ವೇಗದ ಓಟ ಬೇಕು. ಮೂರು ವಾರ ಪೂರ್ಣ ವೇಗ ಕಾಣದ ಕಾಲನ್ನು ನೇರವಾಗಿ ಕೂಟಕ್ಕೆ ಒಯ್ದರೆ ಹರಿದುಕೊಳ್ಳುತ್ತದೆ.

ಈಗ ಹುಡುಗಿಯರಿಗೆ ಯಾರೂ ಬಿಡಿಸಿ ಹೇಳದ ವಿಷಯ. ಮುಟ್ಟು ನಿಂತರೆ ಓಟಗಾರ್ತಿಯರಲ್ಲಿ ಹಲವರು ಒಳಗೊಳಗೇ ಸಂತೋಷಪಡುತ್ತಾರೆ. ಕೂಟದ ದಿನ ತೊಂದರೆ ಇಲ್ಲ, ಮೈ ಹಗುರಾಗಿದೆ, ತರಬೇತಿ ಚೆನ್ನಾಗಿ ಸಾಗುತ್ತಿದೆ ಎಂದುಕೊಳ್ಳುತ್ತಾರೆ. ಕೆಲವು ಕೋಚ್‌ಗಳೂ ಹಾಗೆಯೇ ಹೇಳುತ್ತಾರೆ. ಇದು ಅಪಾಯದ ಗಂಟೆ. ಖರ್ಚಾಗುವಷ್ಟು ಶಕ್ತಿ ಊಟದಿಂದ ಸಿಗದಿದ್ದಾಗ ದೇಹ ಮೊದಲು ನಿಲ್ಲಿಸುವುದು ಋತುಚಕ್ರವನ್ನು. ಅದರ ಹಿಂದೆಯೇ ಈಸ್ಟ್ರೊಜನ್ ಕುಸಿದು ಮೂಳೆ ಸವೆಯುತ್ತದೆ. ಮೊದಲ ಒಂದೆರಡು ತಿಂಗಳು ತೂಕ ಇಳಿದು ಟೈಮಿಂಗ್ ಸುಧಾರಿಸಲೂಬಹುದು. ಆಮೇಲೆ ಮೊಣಕಾಲಿನ ಕೆಳಗಿನ ಮೂಳೆಯಲ್ಲೋ ಪಾದದಲ್ಲೋ ನೋವು ಶುರುವಾಗುತ್ತದೆ, ಎಕ್ಸ್-ರೇಯಲ್ಲಿ ಏನೂ ಕಾಣುವುದಿಲ್ಲ, ಎಂ.ಆರ್.ಐ.ಯಲ್ಲಿ ಬಿರುಕು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಇಡೀ ಸ್ಥಿತಿಗೆ ರೆಡ್-ಎಸ್ (ಕ್ರೀಡೆಯಲ್ಲಿ ಶಕ್ತಿಯ ಕೊರತೆ) ಎಂದು ಹೆಸರಿಟ್ಟು ಎಚ್ಚರಿಸಿತು. ಮೂರು ತಿಂಗಳು ಮುಟ್ಟು ಬರದಿದ್ದರೆ ಸ್ತ್ರೀರೋಗ ತಜ್ಞರನ್ನು ನೋಡಲೇಬೇಕು. ಕೂಟಕ್ಕಾಗಿ ಮುಟ್ಟಿನ ದಿನ ಮುಂದೂಡಲು ಮಾತ್ರೆ ನುಂಗಿಸುವ ಅಭ್ಯಾಸವನ್ನು ವೈದ್ಯರ ಮಾತಿಲ್ಲದೆ ಮಾಡಬೇಡಿ. ವರ್ಷಕ್ಕೆರಡು ಸಲ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ ಪರೀಕ್ಷೆಯೂ ಆಗಲಿ, ಏಕೆಂದರೆ ಹಿಮೋಗ್ಲೋಬಿನ್ ಸರಿ ಇದ್ದಾಗಲೂ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು. ನಿಮ್ಮ ತಂಗಿಯ ಡೈರಿಯಲ್ಲಿ ಟೈಮಿಂಗ್ ಪಕ್ಕದಲ್ಲೇ ಮುಟ್ಟಿನ ದಿನವೂ ಇರಲಿ, ನಾಚಿಕೆ ಬೇಡ.

ಕೋಚ್ ಆಯ್ಕೆಯಲ್ಲಿ ಮನೆಯವರು ಕಣ್ಣು ತೆರೆದಿರಬೇಕು. ಒಳ್ಳೆಯ ಕೋಚ್ ಪ್ರಶ್ನೆ ಕೇಳಿದರೆ ಸಿಟ್ಟಾಗುವುದಿಲ್ಲ, ಅಭ್ಯಾಸ ನೋಡಲು ಬಂದರೆ ಬೇಡ ಎನ್ನುವುದಿಲ್ಲ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಬ್ಬಳನ್ನೇ ಕರೆದು ಮಸಾಜ್ ಮಾಡುವುದಿಲ್ಲ, ತಾನೇ ಇಂಜೆಕ್ಷನ್ ಕೊಡುವುದಿಲ್ಲ. ಇದರಲ್ಲಿ ಯಾವುದಾದರೂ ಒಂದು ತಪ್ಪಿದರೂ ಅವರು ಎಷ್ಟು ಪದಕ ಗೆಲ್ಲಿಸಿದವರಾದರೂ ಅಲ್ಲಿಂದ ಹೊರಡಿ.

ಏಣಿಯ ಮೆಟ್ಟಿಲುಗಳ ವಿಷಯಕ್ಕೆ ಬರುತ್ತೇನೆ. 11.84ರಿಂದ ಒಲಿಂಪಿಕ್ಸ್‌ಗೆ ನೇರ ಜಿಗಿತ ಇಲ್ಲ, ಆದರೆ ನಡುವೆ ಬಾಗಿಲುಗಳಿವೆ. ಎರಡು ವರ್ಷಕ್ಕೊಮ್ಮೆ ನಡೆಯುವ ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟ ಅವಳ ವಯಸ್ಸಿನವರಿಗೆಂದೇ ಇರುವ ಬಾಗಿಲು. 2019ರಲ್ಲಿ ನೇಪಲ್ಸ್‌ನಲ್ಲಿ ದ್ಯುತಿ ಚಂದ್ 11.32 ಓಡಿ 100 ಮೀಟರ್ ಚಿನ್ನ ಗೆದ್ದದ್ದು ಅಲ್ಲೇ. ಇನ್ನೊಂದು ಬಾಗಿಲು 4x100 ರಿಲೇ. ಒಬ್ಬಳೇ ಅರ್ಹತೆ ಪಡೆಯಲಾಗದ ಹುಡುಗಿ ದೇಶದ ಮೊದಲ ಐದಾರು ಜನರಲ್ಲಿದ್ದರೆ ಅಂತರರಾಷ್ಟ್ರೀಯ ಜೆರ್ಸಿ ತೊಡುವುದು ಸಾಮಾನ್ಯವಾಗಿ ರಿಲೇಯಲ್ಲೇ. ಬ್ಯಾಟನ್ ಕೊಡು-ಕೊಳ್ಳುವುದರಲ್ಲಿ ನುರಿತವಳನ್ನು ಆಯ್ಕೆದಾರರು ಬಿಡುವುದಿಲ್ಲ. ಹಸ್ತಾಂತರಕ್ಕೆ ಈಗ 30 ಮೀಟರ್ ವಲಯ ಇದೆ. ಟ್ರ್ಯಾಕಿನ ಬಾಗಿನಲ್ಲಿ, ಅಂದರೆ ತಿರುವಿನಲ್ಲಿ, ಚೆನ್ನಾಗಿ ಓಡಬಲ್ಲವಳಿಗೆ ಒಂದನೇ ಅಥವಾ ಮೂರನೇ ಲೆಗ್ (ಓಟದ ಸರದಿ) ಕಾದಿರುತ್ತದೆ.

ವೈಯಕ್ತಿಕ ಓಟಕ್ಕೆ ನೇರ ಸಮಯ ಸಿಗದಿದ್ದರೆ ವಿಶ್ವ ರ‍್ಯಾಂಕಿಂಗ್ ದಾರಿ ಇದೆ. ಸ್ಪ್ರಿಂಟ್‌ನಲ್ಲಿ ಒಂದು ವರ್ಷದ ಉತ್ತಮ ಐದು ಓಟಗಳ ಸರಾಸರಿ ಲೆಕ್ಕಕ್ಕೆ ಬರುತ್ತದೆ. ಪ್ರತಿ ಓಟಕ್ಕೂ ಸಮಯದ ಅಂಕ, ಅದರ ಮೇಲೆ ಕೂಟದ ದರ್ಜೆಗೂ ಪಡೆದ ಸ್ಥಾನಕ್ಕೂ ತಕ್ಕಂತೆ ಹೆಚ್ಚುವರಿ ಅಂಕ. ಇದರ ಅರ್ಥ ಏನೆಂದರೆ, ಮಾನ್ಯತೆಯಿಲ್ಲದ ಹದಿನೈದು ಕೂಟಗಳ ಟ್ರೋಫಿ ಕಪಾಟು ತುಂಬಬಹುದು, ರ‍್ಯಾಂಕಿಂಗ್‌ಗೆ ಅದರಿಂದ ಸೊನ್ನೆ. ವರ್ಷದ ಆರಂಭದಲ್ಲೇ ಕೋಚ್ ಜೊತೆ ಕುಳಿತು ಏಳೆಂಟು ಕೂಟ ಆರಿಸಿ, ಉಳಿದವನ್ನು ಬಿಡಿ.

ದೊಡ್ಡ ಕೂಟದಲ್ಲಿ ಮೊದಲ ಸಲ ಓಡುವವರು ಸೋಲುವುದು ಎಷ್ಟೋ ಸಲ ಕಾಲ್ ರೂಮ್‌ನಲ್ಲೇ. ಓಟಕ್ಕೆ ಮುಂಚೆ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸುತ್ತಾರೆ. ಸ್ಪೈಕ್ಸ್ ತಪಾಸಣೆ, ಎದೆಯ ಸಂಖ್ಯೆ ತಪಾಸಣೆ. ಫೋನ್ ಇಲ್ಲ, ಕೋಚ್ ಇಲ್ಲ. ಎದುರು ಕುರ್ಚಿಯಲ್ಲಿ ಟಿ.ವಿ.ಯಲ್ಲಿ ಮಾತ್ರ ನೋಡಿದ ಮುಖ. ವಾರ್ಮ್ ಅಪ್ ಮಾಡಿದ ಮೈ ತಣ್ಣಗಾಗುತ್ತಾ ಬರುತ್ತದೆ. ಪ್ಯಾರಿಸ್‌ನಲ್ಲಿ 100 ಮೀಟರ್ ಸೆಮಿಫೈನಲ್ ಮತ್ತು ಫೈನಲ್ ಒಂದೇ ಸಂಜೆ, ನಡುವೆ ಎರಡು ಗಂಟೆಯೂ ಇಲ್ಲ. ಇದನ್ನು ಮನೆಯಲ್ಲೇ ಅಭ್ಯಾಸ ಮಾಡಿಸಬಹುದು. ವಾರ್ಮ್ ಅಪ್ ಮುಗಿಸಿ ಇಪ್ಪತ್ತೈದು ನಿಮಿಷ ಮಾತಾಡದೆ ಕೂತು, ಎದ್ದು, ಎರಡೇ ಸ್ಟ್ರೈಡ್ ಹಾಕಿ ಪೂರ್ಣ ವೇಗದ 60 ಮೀಟರ್. ಒಂದೂವರೆ ಗಂಟೆ ಬಿಟ್ಟು ಮತ್ತೆ ಅದೇ. ತಿಂಗಳಿಗೊಮ್ಮೆ ಸಾಕು.

ಉದ್ದೀಪನ ಮದ್ದಿನ ಬಗ್ಗೆ ಅವಳಿಗೆ ಈಗಲೇ ಸ್ಪಷ್ಟವಾಗಿ ಹೇಳಿ. ದೇಹದಲ್ಲಿ ನಿಷೇಧಿತ ವಸ್ತು ಸಿಕ್ಕರೆ ‘ನನಗೆ ಗೊತ್ತಿರಲಿಲ್ಲ, ಕೋಚ್ ಕೊಟ್ಟರು’ ಎಂದರೆ ಹೊಣೆ ತಪ್ಪುವುದಿಲ್ಲ. ಡಬ್ಬದ ಮೇಲೆ ಬರೆಯದ ವಸ್ತುಗಳಿರುವ ಸಪ್ಲಿಮೆಂಟ್‌ಗಳಿಂದ ವೃತ್ತಿ ಕಳೆದುಕೊಂಡವರಿದ್ದಾರೆ. ತಿಳಿದೇ ಮಾಡಿದವರ ಕಥೆಯೂ ಅವಳಿಗೆ ಗೊತ್ತಿರಲಿ. ಸಿಡ್ನಿ 2000ರಲ್ಲಿ ಐದು ಪದಕ ಗೆದ್ದ ಮರಿಯನ್ ಜೋನ್ಸ್ 2007ರಲ್ಲಿ ತಪ್ಪೊಪ್ಪಿಕೊಂಡ ಮೇಲೆ ಐದನ್ನೂ ಹಿಂದಿರುಗಿಸಿದರು. ಪರೀಕ್ಷಾ ಪಟ್ಟಿಗೆ ಸೇರಿದ ಮೇಲೆ ಪ್ರತಿದಿನ ಒಂದು ಗಂಟೆ ಎಲ್ಲಿರುತ್ತೇನೆಂದು ಮೊದಲೇ ತಿಳಿಸಬೇಕು. ಹನ್ನೆರಡು ತಿಂಗಳಲ್ಲಿ ಮೂರು ಸಲ ತಪ್ಪಿದರೆ ಅದೂ ಉಲ್ಲಂಘನೆಯೇ. ಇನ್ನೊಂದು ಹೊಸ ನಿಯಮ: 2025ರ ಸೆಪ್ಟೆಂಬರ್ 1ರಿಂದ ವಿಶ್ವ ಮಟ್ಟದ ಮಹಿಳಾ ವಿಭಾಗದಲ್ಲಿ ಓಡಲು ವೈ ಕ್ರೋಮೋಸೋಮ್‌ನ ಎಸ್‌ಆರ್‌ವೈ ಜೀನ್ ದೇಹದಲ್ಲಿ ಇದೆಯೇ ಎಂಬ ಪರೀಕ್ಷೆ ಕಡ್ಡಾಯ, ಜೀವನದಲ್ಲಿ ಒಂದೇ ಸಲ, ಕೆನ್ನೆಯ ಒಳಗಿನ ಮಾದರಿ ಅಥವಾ ರಕ್ತದಿಂದ. ಅದು ಏನು, ಏಕೆ ಎಂದು ಅವಳಿಗೂ ಮನೆಯವರಿಗೂ ಮೊದಲೇ ತಿಳಿಸಿ, ಫಲಿತಾಂಶ ಅವಳ ಖಾಸಗಿ ವಿಷಯವಾಗಿಯೇ ಉಳಿಯಬೇಕೆಂದು ಪಟ್ಟು ಹಿಡಿಯಿರಿ. ದ್ಯುತಿ ಚಂದ್ ಅವರನ್ನು 2014ರಲ್ಲಿ ಪುರುಷ ಹಾರ್ಮೋನ್ ಹೆಚ್ಚಿರಬಾರದೆಂಬ ನಿಯಮದ ಹೆಸರಿನಲ್ಲಿ ತಡೆದಾಗ ಅವರ ದೇಹದ ವಿಷಯ ಬೀದಿಗೆ ಬಂತು. ಮರುವರ್ಷ ಕ್ರೀಡಾ ನ್ಯಾಯಾಲಯ ಆ ನಿಯಮವನ್ನು ಅಮಾನತಿನಲ್ಲಿಟ್ಟಿತು. ಆದರೆ ಅಷ್ಟರಲ್ಲಿ ಆ ಹುಡುಗಿ ಪಟ್ಟ ಪಾಡು ಯಾರಿಗೂ ಬೇಡ.

ಓದು ಬಿಡಿಸಬೇಡಿ. ಗ್ಯಾಬಿ ಥಾಮಸ್ ಹಾರ್ವರ್ಡ್‌ನಲ್ಲಿ ನರಜೀವಶಾಸ್ತ್ರ ಓದಿ, ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಆಮೇಲೆ ಪ್ಯಾರಿಸ್‌ನಲ್ಲಿ 21.83 ಓಡಿ 200 ಮೀಟರ್ ಚಿನ್ನ ಗೆದ್ದರು. ಸ್ಪ್ರಿಂಟರ್‌ನ ತರಬೇತಿ ದಿನಕ್ಕೆ ಮೂರು ಗಂಟೆ ದಾಟಬಾರದು. ಉಳಿದ ಹೊತ್ತಿನಲ್ಲಿ ಓದಬಹುದು, ನಿದ್ದೆ ಮಾಡಬಹುದು. ಪದವಿ ಕೈಯಲ್ಲಿದ್ದರೆ ಒಂದು ಗಾಯ ಬಂದ ವರ್ಷದಲ್ಲಿ ಅವಳು ಹತಾಶೆಯಿಂದ ತಪ್ಪು ತೀರ್ಮಾನ ಮಾಡುವುದಿಲ್ಲ. ಮನೆಯವರೊಡನೆ ಹೀಗೆ ಒಪ್ಪಂದ ಮಾಡಿಕೊಳ್ಳಿ: ಪದವಿ ಮುಗಿದ ಮೇಲೆ ಎರಡು ಪೂರ್ಣ ಋತು. ಎಲೆಕ್ಟ್ರಾನಿಕ್ ಟೈಮಿಂಗ್‌ನಲ್ಲಿ ಮೊದಲನೆಯದರಲ್ಲಿ 11.6ರ ಒಳಗೆ, ಎರಡನೆಯದರಲ್ಲಿ 11.45ರ ಸುತ್ತ ಬಂದರೆ ಮುಂದುವರಿಯುವುದು. ಬರದಿದ್ದರೆ ಆಗ ಕುಳಿತು ಮಾತಾಡುವುದು.

ಕೊನೆಗೆ, ನೀವು ಕಳಿಸಿದ ಎರಡು ಅಂಕಿಗಳಲ್ಲಿ ನನಗೆ ಆಸೆ ಹುಟ್ಟಿಸಿದ್ದು 200 ಮೀಟರ್‌ನದು, ಅದು ನಿಧಾನವಾಗಿದೆ ಎಂಬ ಕಾರಣಕ್ಕೇ. 100ರ ಸಮಯವನ್ನು ದುಪ್ಪಟ್ಟು ಮಾಡಿ 200ರ ಸಮಯದಿಂದ ಕಳೆಯಿರಿ. 1988ರಲ್ಲಿ 10.49 ಮತ್ತು 21.34 ಓಡಿದ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್‌ಗೆ ಉಳಿಯುವುದು 0.36. ಟೋಕಿಯೊದ ಜೆಫರ್ಸನ್-ವುಡನ್‌ಗೆ 0.46. ನಿಮ್ಮ ತಂಗಿಗೆ, ಸರಿಪಡಿಸಿದ 11.84 ಮತ್ತು 24.74ರ ಲೆಕ್ಕದಲ್ಲಿ, ಉಳಿಯುವುದು 1.06. ಅಂದರೆ ಈಗ ಇರುವ ವೇಗದಲ್ಲೇ ಅರ್ಧ ಸೆಕೆಂಡಿನಷ್ಟು ಓಟ ಎಲ್ಲೋ ಸೋರುತ್ತಿದೆ. ಒಂದೋ ಬಾಗಿನಲ್ಲಿ ಹೊರಗೆ ತೇಲುತ್ತಿದ್ದಾಳೆ, ಇಲ್ಲವೇ 150 ಮೀಟರ್ ಆದ ಮೇಲೆ ಕುಸಿಯುತ್ತಿದ್ದಾಳೆ, ಅಥವಾ 100ರ ಮೂರು ಸುತ್ತು, ರಿಲೇ ಎಲ್ಲ ಮುಗಿಸಿ ಸತ್ತ ಕಾಲಿನಲ್ಲಿ 200 ಓಡುತ್ತಿದ್ದಾಳೆ. ಮೂರಕ್ಕೂ ಮದ್ದು ಬೇರೆ ಬೇರೆ. ಮುಂದಿನ ಕೂಟದಲ್ಲಿ ಬಾಗು ಮುಗಿಯುವ ಜಾಗದಲ್ಲಿ ಯಾರನ್ನಾದರೂ ಫೋನ್ ಹಿಡಿದು ನಿಲ್ಲಿಸಿ, ಓಟ ಪೂರ್ತಿ ಚಿತ್ರೀಕರಿಸಿ. ಯಾವ ಲೇನ್, ಆ ದಿನ ಅದು ಅವಳ ಎಷ್ಟನೇ ಓಟ ಎಂಬುದನ್ನೂ ಬರೆದು ಕಳಿಸಿ. ಅಲ್ಲಿಂದ ಕೆಲಸ ಶುರು ಮಾಡಬಹುದು.